ಪುಣೆಯಲ್ಲಿ ಒಂದು ಕಟ್ಟಿಗೆಯ ವಿಮಾನ

ವಿಜಯಪುರದಿಂದ ಪುಣೆಗೆ ಹೋಗುವ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು. ಹೊರಟಾಗ ಏಳೂವರೆ. ಜನವರಿಯ ಚಳಿ ಇನ್ನೂ ಇಳಿದಿರಲಿಲ್ಲ. ಕಂಡಕ್ಟರ್ ತಲೆಗೆ ಮಫ್ಲರ್ ಸುತ್ತಿಕೊಂಡೇ ಟಿಕೆಟ್ ಕೊಟ್ಟ. ಸೊಲ್ಲಾಪುರಕ್ಕೆ ಸುಮಾರು ನೂರು ಕಿಲೋಮೀಟರ್, ಅಲ್ಲಿಂದ ಪುಣೆಗೆ ಇನ್ನೂರೈವತ್ತು. ದಾರಿ ನನಗೆ ಹೊಸದಲ್ಲ. ಅಕ್ಕ ಮದುವೆಯಾಗಿ ಪುಣೆಗೆ ಹೋದ ಮೇಲೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರುತ್ತೇನೆ. ಈ ಸಲ ಮಾತ್ರ ಅಕ್ಕನ ನೆಪದಲ್ಲಿ ವಿಮಾನಗಳನ್ನು ನೋಡಲು ಹೊರಟಿದ್ದೆ.

ಅಕ್ಕನ ಗಂಡ ಗುರಪ್ಪ ಮಾವ ಮೇಳಗಳಲ್ಲಿ ಮಳಿಗೆ ಕಟ್ಟಿಕೊಡುವ ಗುತ್ತಿಗೆದಾರರು. ಪ್ಲೈವುಡ್, ಬಣ್ಣ, ದೀಪ, ಕಾರ್ಪೆಟ್ಟು ಎಲ್ಲ ಅವರದೇ. ಮೇಳ ಮುಗಿದ ಸಂಜೆ ಬಿಚ್ಚಿಕೊಂಡು ಹೋಗುವುದೂ ಅವರ ಜವಾಬ್ದಾರಿ. ಈ ಸಲ ಸಣ್ಣ ಊರುಗಳಿಗೆ ಹಾರುವ ವಿಮಾನಗಳ ವ್ಯಾಪಾರ ಮೇಳವೊಂದು ಪುಣೆಯಲ್ಲಿ ನಡೆಯುವುದಿತ್ತು. ವಿಮಾನ ತಯಾರಿಸುವವರು ಬಂದು ತಮ್ಮ ಸರಕು ತೋರಿಸುತ್ತಾರೆ, ವಿಮಾನ ಓಡಿಸುವ ಕಂಪನಿಗಳು ಅಲ್ಲಿಯೇ ಆರ್ಡರ್ ಘೋಷಿಸುತ್ತವೆ. ಮಾವ ಫೋನಿನಲ್ಲಿ ಹೇಳಿದ್ದರು, "ಮಾಸ್ತರ್, ದನದ ಸಂತಿ ನೋಡೀಯಿ, ಕುರಿ ಸಂತಿ ನೋಡೀಯಿ. ವಿಮಾನದ ಸಂತಿ ನೋಡೀಯೇನು? ಸಾಲಿಗೆ ರಜಾ ಹಾಕಿ ಬಾ." ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ಐದು ದಿನ ರಜೆ ಹಾಕಿದೆ.

ಸೊಲ್ಲಾಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಶುರುವಾದವು. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಹೇರು ಎಷ್ಟು ಅಗಲವೆಂದರೆ ನಮ್ಮ ಬಸ್ಸು ಅವುಗಳ ಹಿಂದೆ ಎತ್ತಿನಗಾಡಿಯಂತೆ ನಡೆಯಬೇಕಾಯಿತು. ಇಂದಾಪುರದಲ್ಲಿ ಊಟಕ್ಕೆ ಬಸ್ ನಿಂತಿತು. ಬಿಸಿಲು ಹಿತವಾಗಿತ್ತು. ವಡಾಪಾವ್ ತಿಂದು ಚಹಾ ಕುಡಿಯುತ್ತ ನಿಂತಾಗ, ನನ್ನ ಪಕ್ಕದ ಸೀಟಿನಲ್ಲಿದ್ದ ಸಿಂದಗಿ ಕಡೆಯ ಗಾರೆ ಕೆಲಸದವನು ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಹೇಳಿದೆ.

"ವಿಮಾನ ಮಾರಾಕ ಸಂತಿ ಮಾಡ್ತಾರೇನ್ರಿ?" ಎಂದ ಅವನು. "ಹಂಗಾರ ಬಾಯಿ ತಗದು ಹಲ್ಲ ನೋಡ್ತಾರೇನು?"

ಅವನ ಹೆಂಡತಿ ನಕ್ಕಳು. ನಾನೂ ನಕ್ಕೆ. ಆ ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಎರಡೇ ಸಲ: ಆಗ, ಮತ್ತು ಮಾರನೆಯ ದಿನ.

ಪುಣೆಯ ಸ್ವಾರಗೇಟ್ ನಿಲ್ದಾಣ ತಲುಪಿದಾಗ ಮಧ್ಯಾಹ್ನ ಮೂರೂವರೆ. ಅಲ್ಲಿಂದ ಅಕ್ಕನ ಮನೆಯಿರುವ ಭೋಸರಿಗೆ ಸಿಟಿ ಬಸ್ಸಿನಲ್ಲಿ ಒಂದೂವರೆ ತಾಸು ಹಿಡಿಯಿತು. ಅಕ್ಕ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದಳು. ಉಂಡು ಕೈ ಒರೆಸಿಕೊಳ್ಳುವಷ್ಟರಲ್ಲಿ ಮಾವ ಸ್ಕೂಟರ್ ಹಾರ್ನ್ ಬಾರಿಸಿದರು. ಮೇಳದ ಮೈದಾನ ನಾಶಿಕ ರಸ್ತೆಯ ಕಡೆ, ಮನೆಯಿಂದ ಇಪ್ಪತ್ತು ನಿಮಿಷ.

ದೊಡ್ಡ ಹಾಲ್‌ನ ಒಳಗೆ ಮಾವನ ಜನ ಕಟ್ಟಿದ ವಿಮಾನ ನಿಂತಿತ್ತು. ಇಡೀ ವಿಮಾನವಲ್ಲ, ಅದರ ಮುಂದಿನ ಭಾಗ ಮಾತ್ರ: ಉಕ್ಕಿನ ಮೆಟ್ಟಿಲು, ಕಮಾನಿನ ಬಾಗಿಲು, ಒಳಗೆ ಐದು ಸಾಲು ಸೀಟು, ತಲೆಯ ಮೇಲೆ ಸಾಮಾನಿನ ಗೂಡುಗಳು, ಎರಡೂ ಬದಿಗೆ ದುಂಡಗಿನ ಕಿಟಕಿಗಳು. ಕಿಟಕಿಯ ಹಿಂದೆ ಮೋಡದ ಚಿತ್ರ ಅಂಟಿಸಿ ದೀಪ ಹಚ್ಚಿದ್ದರು. ಮುಟ್ಟಿ ನೋಡುವವರೆಗೆ ಎಲ್ಲವೂ ಲೋಹವೆಂದೇ ನಂಬಿದ್ದೆ. ಮುಟ್ಟಿದರೆ ಕಟ್ಟಿಗೆ.

"ಇಂವ ನಮ್ಮ ಕಲ್ಲಪ್ಪ ಬಡಿಗೇರ," ಎಂದು ಮಾವ ಪರಿಚಯಿಸಿದರು. "ವಿಮಾನ ಕಟ್ಟಿದಾಂವ ಇವನ."

ಕಲ್ಲಪ್ಪ ಇಂಡಿ ತಾಲೂಕಿನವನು, ನಲವತ್ತರ ಆಸುಪಾಸು, ತೆಳ್ಳಗೆ. ಕಿವಿಯ ಹಿಂದೆ ಪೆನ್ಸಿಲು. ಊರಿನಲ್ಲಿ ಹೆಂಡತಿ ಕಾಶೀಬಾಯಿ, ಇಬ್ಬರು ಹೆಣ್ಣುಮಕ್ಕಳು. ಹನ್ನೆರಡು ವರ್ಷದಿಂದ ಮಾವನ ಹತ್ತಿರವೇ ಇದ್ದಾನೆ. ನಾನು ವಿಮಾನ ಹತ್ತಿದ್ದೀಯಾ ಎಂದು ಕೇಳಿದೆ.

"ಒಮ್ಮೆ ಸಾವಕಾರ್ರು ದಿಲ್ಲಿಗೆ ಕರಕೊಂಡು ಹೋಗಿದ್ರು. ಕುಂಡ್ರಾಕ ಜಾಗಾ ಕೊಟ್ರು, ಮೊಳಕಾಲ ಇಡಾಕ ಕೊಡಲಿಲ್ಲ. ಅದಕ್ಕ ಇದರಾಗ ಸೀಟಿಗೆ ಸೀಟಿಗೆ ನಡಕ ಅಷ್ಟು ಸಡಲ ಬಿಟ್ಟೀನಿ."

"ಡ್ರಾಯಿಂಗಿನ್ಯಾಗ ಹಂಗ ಇಲ್ಲಲೇ," ಎಂದರು ಮಾವ.

"ಡ್ರಾಯಿಂಗ್ ತಗದವ್ರು ಕುಂತಿಲ್ಲೇಳ್ರಿ ಅದರಾಗ."

ಡ್ರಾಯಿಂಗಿನಲ್ಲಿ ಇಲ್ಲದ ಇನ್ನೊಂದು ಕೆಲಸವನ್ನೂ ಅವನು ಮಾಡಿದ್ದ. ಅದು ಆ ದಿನ ನನಗೆ ಬರಿ ಕುತೂಹಲದ ಸಂಗತಿಯಾಗಿತ್ತು. ಮೇಳದ ಮಳಿಗೆಯೆಂದರೆ ಎಲ್ಲವನ್ನೂ ಸ್ಕ್ರೂ ಮತ್ತು ಪಿನ್ನಿನಲ್ಲಿ ನಿಲ್ಲಿಸಬೇಕು. ಕೆಲವೇ ತಾಸಿನಲ್ಲಿ ಬಿಚ್ಚುವಂತಿರಬೇಕು. ಕಲ್ಲಪ್ಪ ಉಳಿದುದನ್ನೆಲ್ಲ ಹಾಗೆಯೇ ಮಾಡಿ ಬಾಗಿಲಿನ ಚೌಕಟ್ಟನ್ನು ಮಾತ್ರ ಮನೆಯ ತಲೆಬಾಗಿಲಿನಂತೆ ಕೂರಿಸಿದ್ದ. ಕಟ್ಟಿಗೆಗೆ ಹಲ್ಲು ಕೊರೆದು, ಎದುರಿನ ತೂತಿಗೆ ಕೂಡಿಸಿ, ಅಂಟು ಹಾಕಿ, ಬಿದಿರಿನ ಗೂಟ ಹೊಡೆದಿದ್ದ. ಛಾವಣಿಯ ಅಡ್ಡತೊಲೆಯನ್ನೂ ಅದೇ ಚೌಕಟ್ಟಿಗೆ ಸೇರಿಸಿದ್ದ. ಬಾಗಿಲಿಗೆ ಕುಂಕುಮ ಹಚ್ಚಿ ಕಾಯಿಯನ್ನೂ ಒಡೆದಿದ್ದನಂತೆ.

"ಎರಡ ದಿನದ ಬಾಗಲಕ್ಕ ಇಷ್ಟ್ಯಾಕೋ?" ಎಂದೆ.

"ಬಾಗಲಕ್ಕ ಸ್ಕ್ರೂ ಹೊಡೀತಾರೇನ್ರಿ ಮಾಸ್ತರ್ರ?" ಎಂದ. "ದೊಡ್ಡ ದೊಡ್ಡ ಮಂದಿ ಹಾದು ಹೋಗತಾರ. ಬಿಚ್ಚೋದು ನಾನಽ ಅಲ್ಲೇನು? ನನಗ ಗೊತ್ತದ ಯಾವ ಗೂಟ ಎಲ್ಲಿ ಅದ ಅಂತ."

ಮಾವನ ಮುಖ ಮಾತ್ರ ಸರಿಯಿರಲಿಲ್ಲ. ಮನೆಗೆ ಬರುವಾಗ ಕಾರಣ ಹೇಳಿದರು. ಮುಖ್ಯ ಅತಿಥಿಗೆ ಬಿಡುವಿಲ್ಲವೆಂದು ಮೇಳ ಒಂದು ದಿನ ಮುಂದೆ ಹೋಗಿತ್ತು. ಹೀಗಾಗಿ ಮೇಳ ಮುಗಿಯುವ ದಿನ, ಅಂದರೆ ಎಲ್ಲ ಬಿಚ್ಚಬೇಕಾದ ದಿನ, ಅಮಾವಾಸ್ಯೆಗೆ ಬಂದು ಕೂತಿತ್ತು. ನಮ್ಮ ಕಡೆಯ ಬಡಿಗೇರರು ಅಮಾವಾಸ್ಯೆಗೆ ಉಳಿ, ಬಾಚಿ, ಯಾವ ಹತಾರವನ್ನೂ ಮುಟ್ಟುವುದಿಲ್ಲ. ತೊಳೆದು, ಪೂಜೆ ಮಾಡಿ, ಸುಮ್ಮನೆ ಇಡುತ್ತಾರೆ. "ಸಣ್ಣಂದಿನಿಂದ ನೋಡಿದ ಮಾತು. ತಾರೀಖು ಬದಲಾದಾಗ ಕ್ಯಾಲೆಂಡರ್ ನೋಡಾಕ ಮರ್ತೆ ನೋಡು," ಎಂದರು.

ಮಾರನೆಯ ದಿನ ಮೇಳ. ಬಿಸಿಲು ಏರುವ ಮೊದಲೇ ಕಾರುಗಳ ಸಾಲು ರಸ್ತೆಯವರೆಗೆ ಬಂದಿತ್ತು. ದ್ವಾರದಲ್ಲಿ ಒಂದು ಆಂಬುಲೆನ್ಸು, ಒಂದು ಅಗ್ನಿಶಾಮಕ ವಾಹನ. ಹಾಲ್ ಒಳಗೆ ತಂಪು ಗಾಳಿ, ಕಾಫಿಯ ವಾಸನೆ, ನಾಲ್ಕಾರು ಭಾಷೆ. ನಿಜವಾದ ವಿಮಾನ ಒಂದೂ ಇರಲಿಲ್ಲ. ಎಲ್ಲ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾದರಿಗಳು, ಟಿವಿ ಪರದೆಗಳು, ನಮ್ಮ ಕಟ್ಟಿಗೆಯದು ಒಂದು. ಜನ ಸಾಲುಗಟ್ಟಿ ಅದರೊಳಗೆ ಹೋಗಿ ಕುಳಿತು ಫೋಟೋ ತೆಗೆಸಿಕೊಂಡರು. ಒಬ್ಬ ಸೂಟಿನವನು ಕಾಲು ಚಾಚಿ, ಸಣ್ಣ ವಿಮಾನದಲ್ಲಿ ಇಷ್ಟು ಜಾಗ ಎಲ್ಲೂ ನೋಡಿಲ್ಲ ಎಂದು ಹಿಂದಿಯಲ್ಲಿ ಹೊಗಳಿದ. ಬಾಗಿಲ ಪಕ್ಕ ನಿಂತಿದ್ದ ಕಲ್ಲಪ್ಪ ನನ್ನತ್ತ ನೋಡಿ ಕಣ್ಣು ಮಿಟುಕಿಸಿದ. ಅದು ನಾನು ಹೇಳಿದ ಎರಡನೆಯ ನಗು.

ಮಧ್ಯಾಹ್ನ ಆರ್ಡರ್ ಘೋಷಣೆ. ಕೊಳ್ಳುವ ಕಂಪನಿಯ ಮುಖ್ಯಸ್ಥ, ಮಾರುವ ಕಂಪನಿಯ ಮುಖ್ಯಸ್ಥ ಇಬ್ಬರೂ ಕಲ್ಲಪ್ಪನ ಬಾಗಿಲಿನಲ್ಲಿ ನಿಂತರು. ಹಿಂದಿನ ಫಲಕದಲ್ಲಿ ವಿಮಾನಗಳ ಸಂಖ್ಯೆ ಆಳೆತ್ತರದ ಅಕ್ಷರದಲ್ಲಿತ್ತು. ಸಹಿ ಮಾಡಿ ಕೈ ಕುಲುಕಿದರು. ಕ್ಯಾಮೆರಾದವರು ಇನ್ನೊಮ್ಮೆ ಎಂದರು, ಇನ್ನೊಮ್ಮೆ ಕುಲುಕಿದರು. ಅತಿಥಿ ಅಡ್ಡ ಬಂದರೆಂದು ಮತ್ತೊಮ್ಮೆ. ಪ್ರತಿ ಸಲವೂ ಅಷ್ಟೇ ಜೋರಾಗಿ ಚಪ್ಪಾಳೆ. ಆಮೇಲಿನ ಪ್ರಶ್ನೋತ್ತರದಲ್ಲಿ ತಿಳಿದದ್ದು: ಆ ಸಂಖ್ಯೆಯಲ್ಲಿ ಕೆಲವು ಮಾತ್ರ ಖಚಿತ, ಉಳಿದವು ಬೇಕೆನಿಸಿದರೆ ಕೊಳ್ಳುವಂಥವು, ಮೊದಲನೆಯದು ಬರಲು ಇನ್ನೂ ವರ್ಷಗಳು ಬೇಕು.

"ಸೀರಿ ಅಂಗಡ್ಯಾಗ ಹೆಂಗಸ್ರು ನಾಕು ಸೀರಿ ತಗದಿಡ್ರಿ, ಬರ್ತೀನಿ ಅಂತಾರಲ್ಲ," ಎಂದು ಮಾವ ಪಿಸುಗುಟ್ಟಿದರು, "ಹಂಗ ಇದು. ಚಪ್ಪಾಳಿ ಒಂದ ಹೆಚ್ಚಿಗಿ."

ಮೂರನೆಯ ದಿನ ಅಮಾವಾಸ್ಯೆ. ಬೆಳಿಗ್ಗೆ ಮಾವನ ಶೆಡ್ಡಿಗೆ ಹೋದೆ. ಕಲ್ಲಪ್ಪ ಮತ್ತು ಇಬ್ಬರು ಜೊತೆಗಾರರು ಸ್ನಾನ ಮಾಡಿ, ಹಲಗೆಯ ಮೇಲೆ ಉಳಿ, ಬಾಚಿ, ಗರಗಸ, ಸುತ್ತಿಗೆಗಳನ್ನು ಸಾಲಾಗಿ ಇಟ್ಟು ವಿಭೂತಿ ಹಚ್ಚಿದ್ದರು. ಡ್ರಿಲ್ಲಿಂಗ್ ಮಷೀನಿಗೂ ಹೂವಿತ್ತು. ಊದಿನಕಡ್ಡಿಯನ್ನು ಅದರ ತೂತಿಗೇ ಸಿಕ್ಕಿಸಿದ್ದರು. ನನಗೆ ಬೆಲ್ಲ ಕೊಬ್ಬರಿ ಕೊಟ್ಟರು. ಮಾವ ಬಾಗಿಲಲ್ಲೇ ನಿಂತು ಕೇಳಿದರು:

"ಕಲ್ಲಪ್ಪಾ, ಇವತ್ತೊಂದಿನ?"

"ಇಲ್ರಿ ಸಾವಕಾರ್ರ. ನಾಳಿ ಸೂರ್ಯಾ ಹುಟ್ಟೂದರಾಗ ಬಿಚ್ಚಿ ಕೊಡ್ತೀನಿ."

"ನಾಳಿ ಅಲ್ಲಿ ಹೆಂಗಸರ ಕುರ್ತಾ ಮೇಳ ಅದಲೇ. ಸಂಜೀಕ ಹಾಲ್ ಖಾಲಿ ಮಾಡಬೇಕು."

"ಹಂಗಾರ ಬ್ಯಾರೆ ಮಂದಿ ಕಡೆಯಿಂದ ಬಿಚ್ಚಸ್ರಿ. ನಾ ಬಂದು ಬಾಯಿಲೆ ಹೇಳ್ತೀನಿ. ಕೈ ಹಚ್ಚಂಗಿಲ್ಲ."

ಮಾವ ಬೈಯಲಿಲ್ಲ. ಅವರ ಮನೆಯಲ್ಲೂ ಅಮಾವಾಸ್ಯೆಗೆ ಅಂಗಡಿಪೂಜೆ ಇತ್ತು. ಸಾಮಾನು ಹೇರುವ ಗುಂಪೊಂದನ್ನು ಗೊತ್ತು ಮಾಡಿದರು.

ಇನ್ನು ಮುಂದಿನದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ, ಏಕೆಂದರೆ ಆಮೇಲೆ ಬೇರೆ ಬೇರೆ ಜನ ಬೇರೆ ಬೇರೆ ಕ್ರಮದಲ್ಲಿ ಹೇಳಿದರು.

ಮಧ್ಯಾಹ್ನ ಮೂರಕ್ಕೆ ಮೇಳ ಮುಗಿಯಿತೆಂದು ಮೈಕಿನಲ್ಲಿ ಹೇಳಿದರು. ಅತಿಥಿಗಳ ಕಾರುಗಳು ಹೋದವು. ಅವುಗಳ ಹಿಂದೆಯೇ ಆಂಬುಲೆನ್ಸೂ ಅಗ್ನಿಶಾಮಕ ವಾಹನವೂ ಹೋದವು. ನಾನು ಹೊರಗೆ ಚಹಾ ಕುಡಿಯುತ್ತಿದ್ದೆ, ಹೋಗುವುದನ್ನು ಕಂಡೆ. ಒಳಗೆ ಬಂದಾಗ ತಂಪು ಗಾಳಿ ನಿಲ್ಲಿಸಿದ್ದರು. ಎಲ್ಲ ಕಡೆ ಹೊಡೆಯುವ, ಕೀಳುವ, ಎಳೆಯುವ ಸದ್ದು. ಎರಡು ದಿನ ಊರಿನಂತಿದ್ದ ಜಾಗ ಕಣ್ಣೆದುರೇ ಹಲಗೆಗಳ ರಾಶಿಯಾಗುತ್ತಿತ್ತು.

ಕಲ್ಲಪ್ಪ ಬಿಳಿ ಅಂಗಿ, ಬಿಳಿ ಪೈಜಾಮ ತೊಟ್ಟು ಬಂದಿದ್ದ. ಹಣೆಯಲ್ಲಿ ವಿಭೂತಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೆಟ್ಟಿಲ ಪಕ್ಕ ನಿಂತು, ಹೇರುವ ಗುಂಪಿನವರಿಗೆ ಮರಾಠಿಯಲ್ಲಿ ಹೇಳಿದ: "ಆಧೀ ಛತ್ ಕಾಢಾ. ದಾರ್ ಶೇವಟೀ." ಮೊದಲು ಛಾವಣಿ, ಬಾಗಿಲು ಕೊನೆಗೆ. ಅವರು ತಲೆಯಾಡಿಸಿ ಏಣಿ ಹಾಕಿದರು. ಛಾವಣಿಯ ಎರಡು ಹಲಗೆ ಇಳಿದವು.

ಆಗ ಸ್ಮಿತಾ ಬಂದಳು. ಮೇಳದ ವ್ಯವಸ್ಥೆ ವಹಿಸಿಕೊಂಡ ಕಂಪನಿಯ ಮೇಲ್ವಿಚಾರಕಿ, ಬೆಂಗಳೂರಿನವಳು, ಮೂವತ್ತಾಗಿರಲಿಕ್ಕಿಲ್ಲ. ಬೆಳಗಿನಿಂದ ಓಡಾಡಿ ಅವಳ ದನಿ ಬಿದ್ದುಹೋಗಿತ್ತು.

"ಗುರಪ್ಪ ಸರ್, ಆ ಡೋರ್ ಫಸ್ಟ್ ತೆಗೀರಿ. ಹಿಂದಿನ ಸ್ಟಾಲ್‌ದು ಟ್ರಕ್ ಒಳಗೆ ಬರ್ಬೇಕು, ದಾರಿಗೆ ಅಡ್ಡ ಇದೆ."

"ಬಾಗಲ ಕಡೀಕ ತಗೀಬೇಕ್ರಿ ಮೇಡಂ. ತೊಲಿ ಅದರ ಮ್ಯಾಲ ಅದ," ಎಂದ ಕಲ್ಲಪ್ಪ.

"ಸರ್, ನನಗೂ ಮೇಲಿಂದ ಪ್ರೆಶರ್ ಇದೆ. ಪ್ಲೀಸ್."

ಅವಳು ಹೇಳಿದ್ದು ಮಾವನಿಗೆ. ಮಾವ ಕಲ್ಲಪ್ಪನನ್ನು ನೋಡಿದರು, ಗಡಿಯಾರ ನೋಡಿದರು. ಆಮೇಲೆ ಹೇರುವವರಿಗೆ, "ಕಾಢಾ," ಎಂದರು. ತೆಗೆಯಿರಿ. ಈ ಮಾತನ್ನು ಅವರ ಬಾಯಿಂದಲೇ ನಾನು ಕೇಳಿದೆ.

ಇಬ್ಬರು ಹಾರೆಕೋಲು ಹಾಕಿ ಚೌಕಟ್ಟನ್ನು ಮೀಟಿದರು. ಸ್ಕ್ರೂ ಇದ್ದಿದ್ದರೆ ಕಿತ್ತುಬರುತ್ತಿತ್ತು. ಬರಲಿಲ್ಲ. ಒಬ್ಬ ಬಾಗಿಲ ಒಳಕ್ಕೆ ಹೋಗಿ ಅಲ್ಲಿಂದ ಹೆಗಲು ಕೊಟ್ಟ. ಚೌಕಟ್ಟು ಬಿರುಕು ಬಿಡಲಿಲ್ಲ, ಕಳಚಲಿಲ್ಲ. ತೊಲೆಯನ್ನೂ ಮೇಲುಳಿದ ಛಾವಣಿಯನ್ನೂ ಹಿಡಿದುಕೊಂಡು ಇಡಿಯಾಗಿ ಮುಂದಕ್ಕೆ ವಾಲತೊಡಗಿತು. ಬೀಳಲಿಲ್ಲ, ವಾಲಿತು, ಎಲ್ಲರೂ ನೋಡುವಷ್ಟು ನಿಧಾನವಾಗಿ. ಒಳಗಿದ್ದವನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ.

ಕಲ್ಲಪ್ಪ ಬೆನ್ನ ಹಿಂದಿನ ಕೈ ಬಿಚ್ಚಿದ. ಎರಡು ಮೆಟ್ಟಿಲು ಹಾರಿ ಚೌಕಟ್ಟಿಗೆ ಭುಜ ಕೊಟ್ಟು, ಬಲಗೈಯಿಂದ ಕೆಳಗಿನ ಅಂಚನ್ನು ಹಿಡಿದು, "ನಿಘ್! ನಿಘ್!" ಎಂದು ಕೂಗಿದ. ಹೊರಗೆ ಹೋಗು ಎಂದು. ಆ ಮನುಷ್ಯ ಅವನ ತೋಳಿನ ಕೆಳಗಿನಿಂದ ನುಸುಳಿ ಹೊರಗೆ ಬಂದ. ಅವನಿಗೆ ಒಂದು ಗೀರೂ ಆಗಲಿಲ್ಲ. ಚೌಕಟ್ಟು ಜಾರಿ ಉಕ್ಕಿನ ಮೆಟ್ಟಿಲ ಮೇಲೆ ಕೂತಿತು. ಕಲ್ಲಪ್ಪನ ಕೈ ನಡುವೆ ಇತ್ತು.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಎತ್ತಲು ಆರು ಜನ ಬೇಕಾಯಿತು. ಆಗಲೂ ಚೌಕಟ್ಟಿನ ಒಂದು ಕೂಡಿಕೆಯೂ ಬಿಟ್ಟಿರಲಿಲ್ಲ.

ಸ್ಮಿತಾ ಆಂಬುಲೆನ್ಸ್, ಆಂಬುಲೆನ್ಸ್ ಎಂದು ವಾಕಿಟಾಕಿಯಲ್ಲಿ ಕೂಗಿದಳು. ಅದು ಹೋಗಿಯಾಯಿತು ಎಂದು ಗೇಟಿನಿಂದ ಉತ್ತರ ಬಂತು. ಮೇಳ ಮುಗಿದ ಮೇಲೆ ಅದು ಇರುವ ನಿಯಮವಿಲ್ಲವಂತೆ. ಮಾವನ ಟೆಂಪೋದ ಹಿಂದೆ ಕಾರ್ಪೆಟ್ಟಿನ ಸುರುಳಿ ಹಾಸಿ ಕಲ್ಲಪ್ಪನನ್ನು ಮಲಗಿಸಿದೆವು. ಅಕ್ಕ ನನಗೆ ಕೊಟ್ಟಿದ್ದ ಟವೆಲನ್ನು ಅವನ ಕೈಗೆ ಸುತ್ತಿ ನಾನು ಎತ್ತಿ ಹಿಡಿದಿದ್ದೆ. ಭೋಸರಿ ಸೇತುವೆಯ ಕೆಳಗೆ ವಾಹನಗಳು ಕದಲುತ್ತಿರಲಿಲ್ಲ. ಅವನು ಅಳಲಿಲ್ಲ. ಒಂದೇ ಸಮನೆ ಟೆಂಪೋದ ತಗಡಿನ ಛಾವಣಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

"ಮಾಸ್ತರ್ರ, ನಾ ಹತಾರ ಮುಟ್ಟಿಲ್ಲಲ್ರೀ?"

"ಇಲ್ಲೋ."

"ಬಾಗಲ ಹಿಡದದ್ದು ಕೆಲಸ ಆಗತದೇನ್ರಿ?"

"ಸುಮ್ಮನ ಮಲಕೋ," ಎಂದೆ.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದ ಸ್ವಲ್ಪ ಹೊತ್ತಿಗೆ ಮಾವನಿಗೆ ಫೋನ್ ಬಂತು. ಹಾಲ್ ಇನ್ನೂ ಖಾಲಿಯಾಗಿಲ್ಲ, ಕುರ್ತಾ ಮೇಳದವರು ಬಂದು ಕಾಯುತ್ತಿದ್ದಾರೆ. ಮಾವ ಹೋದರು. ಹೋಗದೆ ವಿಧಿಯಿರಲಿಲ್ಲ ಎಂದು ಆಮೇಲೆ ಹೇಳಿದರು. ಇರಬಹುದು. ಚೌಕಟ್ಟನ್ನು ಕೊನೆಗೆ ಯಂತ್ರದ ಗರಗಸದಿಂದ ಕೊಯ್ದು ತೆಗೆದರಂತೆ. ವೈದ್ಯರು ಹೊರಗೆ ಬಂದು, ಕೈ ಉಳಿದಿದೆ, ಹೆಬ್ಬೆರಳು ಮತ್ತು ತೋರುಬೆರಳು ಉಳಿಯಲಿಲ್ಲ ಎಂದು ನನಗೆ ಹೇಳಿದರು. ನೀವು ಅವರ ಸಂಬಂಧಿಕರೇ ಎಂದು ಕೇಳಿದರು. ಅಲ್ಲ ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಸ್ಮಿತಾ ಹಣ್ಣಿನ ಬುಟ್ಟಿ ಹಿಡಿದು ವಾರ್ಡಿಗೆ ಬಂದಳು. ರಾತ್ರಿ ಅವಳೂ ನಿದ್ದೆ ಮಾಡಿದಂತಿರಲಿಲ್ಲ. ಮಾವ ಮಂಚದ ಕಾಲ ಬಳಿ ನಿಂತಿದ್ದರು, ನಾನು ತಲೆಯ ಬಳಿ. ಅವಳು ಕ್ಷಮೆ ಕೇಳುವ ದನಿಯಲ್ಲಿ, ಆಫೀಸಿನವರು ಎರಡು ಮಾತು ರೆಕಾರ್ಡ್ ಮಾಡಿಕೊಂಡು ಬಾ ಎಂದಿದ್ದಾರೆ ಎಂದು ಫೋನ್ ಎತ್ತಿ ಹಿಡಿದಳು.

"ಕಲ್ಲಪ್ಪ ಅವ್ರೇ, ನಿನ್ನೆ ಮಧ್ಯಾಹ್ನ ನೀವು ಡ್ಯೂಟಿಲಿ ಇದ್ರಾ?"

"ಇಲ್ರಿ."

"ಅಂದ್ರೆ, ಕೆಲಸ ಮಾಡ್ತಾ ಇರ್ಲಿಲ್ಲ?"

"ಅಮಾಸಿ ದಿನ ನಾವು ಕೆಲಸ ಮಾಡಂಗಿಲ್ರಿ," ಎಂದ ಕಲ್ಲಪ್ಪ. ಔಷಧದ ಮಂಪರಿನಲ್ಲೂ ಅವನ ದನಿ ಗಟ್ಟಿಯಾಗಿತ್ತು. "ಯಾರನ್ನರ ಕೇಳ್ರಿ. ನಾ ಬರೇ ನೋಡಾಕ ಹೋಗಿದ್ದೆ."

ಆ ಮಾತು ಎಲ್ಲಿಗೆ ಹೋಗುತ್ತದೆಂದು ನನಗೆ ಆಗ ಹೊಳೆಯಿತು: ಕೆಲಸದಲ್ಲಿರಲಿಲ್ಲವೆಂದರೆ ಪರಿಹಾರವೂ ಇಲ್ಲ. ನಾನು ಅಡ್ಡ ಬಾಯಿ ಹಾಕಿದೆ. ಇವನು ಅಲ್ಲಿ ನಿಂತು ಹೇಗೆ ಬಿಚ್ಚಬೇಕೆಂದು ಹೇಳುತ್ತಿದ್ದ, ಅದೂ ಕೆಲಸವೇ. ಬಾಗಿಲು ಕೊನೆಗೆ ಎಂದು ನಿಮಗೇ ಹೇಳಿದ. ಒಬ್ಬ ಮನುಷ್ಯನನ್ನು ಉಳಿಸಲು ಕೈ ಕೊಟ್ಟ. ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಸ್ಮಿತಾ ಫೋನನ್ನು ನನ್ನತ್ತ ತಿರುಗಿಸಲಿಲ್ಲ.

"ಸರ್, ನೀವು ಅಲ್ಲಿ ಯಾವ ಕಂಪನಿ ಪರವಾಗಿ ಇದ್ರಿ?"

"ಯಾವುದೂ ಇಲ್ಲ. ನೋಡಲು ಬಂದವನು."

"ವಿಸಿಟರ್," ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಮಾವನತ್ತ ತಿರುಗಿ, "ಗುರಪ್ಪ ಸರ್, ನೀವು ಏನಾದ್ರೂ ಹೇಳ್ತೀರಾ?" ಎಂದು ಕೇಳಿದಳು.

ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಕಲ್ಲಪ್ಪ ಕೆಲಸದಲ್ಲಿದ್ದ ಎಂದರೆ, ಕೆಲಸಕ್ಕೆ ಹಚ್ಚಿದವರು ಯಾರು ಎಂಬ ಪ್ರಶ್ನೆ ಅವರ ಮೇಲೂ ಬರುತ್ತಿತ್ತು. "ಅಂವ ಹೇಳಿದ್ದ ಖರೆ," ಎಂದರು. "ಬೆಳಿಗ್ಗೇನ ಕೈ ಹಚ್ಚಂಗಿಲ್ಲ ಅಂದಿದ್ದ."

ಹೊರಗಿನ ವರಾಂಡದಲ್ಲಿ ನಾನು ಸ್ಮಿತಾಳನ್ನು ತಡೆದೆ. ಅವಳ ಕಣ್ಣು ತುಂಬಿತ್ತು. "ನಾನು ಕೇಳಿದೆ ಅಷ್ಟೇ ಸರ್. ಅವರೇ ಹೇಳಿದ್ದು," ಎಂದು ಲಿಫ್ಟಿನ ಕಡೆ ಹೋದಳು.

ನಾನು ಒಳಗೆ ಬಂದು ಕಲ್ಲಪ್ಪನ ಪಕ್ಕ ಕುಳಿತೆ. ಬಹಳ ಹೊತ್ತು ತಿಳಿಹೇಳಿದೆ. ಈಗಲೂ ಕಾಲ ಮಿಂಚಿಲ್ಲ, ಕೆಲಸದಲ್ಲಿದ್ದೆ ಎಂದು ಒಂದು ಮಾತು ಹೇಳು, ಮುಂದಿನ ಜೀವನಕ್ಕೆ ಅವರು ಏನಾದರೂ ಮಾಡಲೇಬೇಕಾಗುತ್ತದೆ, ಎರಡು ಹೆಣ್ಣುಮಕ್ಕಳಿದ್ದಾರೆ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ಮಾಸ್ತರ್ರ, ನಮ್ಮಪ್ಪ, ನಮ್ಮ ಮುತ್ಯಾ, ಒಬ್ರೂ ಅಮಾಸಿ ಮುರದಾವ್ರಲ್ಲ. ಬೆರಳು ಹೋದ್ವು. ಇದನ್ನೂ ನಾನಽ ಬಾಯಿಲೆ ಕಳಕೊಳ್ಳಲೇನು?"

"ಅದು ಸುಳ್ಳಲ್ಲೋ, ಕಲ್ಲಪ್ಪ."

"ನಿಮಗ ಸುಳ್ಳಲ್ಲ."

ಆಮೇಲೆ ಅವನು ಗೋಡೆಯ ಕಡೆ ಹೊರಳಿದ. ಊಟ ಬಂದಾಗ ಎಡಗೈಯಿಂದ ಉಣ್ಣಲು ಒಪ್ಪಲಿಲ್ಲ. ಅಕ್ಕ ಬಂದು ಅನ್ನ ಕಲಸಿ ತುತ್ತು ಮಾಡಿ ಬಾಯಿಗೆ ಹಿಡಿದಾಗ, ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡು ಉಂಡ.

ಆ ಸಂಜೆ ಮನೆಯಲ್ಲಿ ಅಕ್ಕ ಮಾವನಿಗೆ ತಾಟು ಇಡುತ್ತ ಕೇಳಿದಳು, "ನಿಮ್ಮ ಬಾಯಿಗೆ ಏನಾಗಿತ್ರಿ?"

"ಆಸ್ಪತ್ರಿ ಖರ್ಚು ನಾ ನೋಡಕೋತೀನಿ ಅಂತ ಹೇಳೀನಲ್ಲ."

"ನಾ ಕೇಳಿದ್ದು ಅದಲ್ಲ."

ಮಾವ ರೊಟ್ಟಿ ಮುರಿದರು. ವಿಮಾನ ಮಾರುವ ಕಂಪನಿಯವರಿಂದ ಫೋನ್ ಬಂದಿತ್ತೆಂದು, ಆ ಬಾಗಿಲು ಎಲ್ಲರಿಗೂ ಮೆಚ್ಚಿಗೆಯಾಗಿದೆಯಂತೆ, ಹೈದರಾಬಾದಿನ ಮೇಳಕ್ಕೆ ಅಂಥದೇ ಇನ್ನೊಂದು ಬೇಕಂತೆ ಎಂದು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಹೇಳಿದರು. ಅಕ್ಕ ಎದ್ದು ಒಳಗೆ ಹೋದಳು. ಒಪ್ಪಿಕೊಂಡಿರಾ ಎಂದು ನಾನು ಕೇಳಲಿಲ್ಲ. ಅವರು ಊಟ ಮುಗಿಸಿ ಪ್ಲೈವುಡ್ ಅಂಗಡಿಗೆ ಫೋನ್ ಮಾಡಿದರು.

ಐದನೆಯ ದಿನ ನನ್ನ ಬಸ್ಸು ಮಧ್ಯಾಹ್ನ ಎರಡಕ್ಕಿತ್ತು. ಕಲ್ಲಪ್ಪನ ಹೆಂಡತಿ ಕಾಶೀಬಾಯಿ ಇಂಡಿಯಿಂದ ಹೊರಟು ಅದೇ ಹೊತ್ತಿಗೆ ಸ್ವಾರಗೇಟಿಗೆ ಬರುವವಳಿದ್ದಳು. ಕೈಗೆ ಸ್ವಲ್ಪ ಪೆಟ್ಟಾಗಿದೆ ಎಂದಷ್ಟೇ ಮಾವ ಅವಳಿಗೆ ಹೇಳಿದ್ದರು. ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಅಕ್ಕ ನನ್ನ ಜೊತೆ ಬಂದಳು. "ನನ್ನ ಕೈಲೆ ಹೇಳಾಕ ಆಗಂಗಿಲ್ಲ ತಮ್ಮಾ. ನೀ ಹೇಳು," ಎಂದಳು. ನಿಲ್ದಾಣದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಒಂದು ನೀರಿನ ಬಾಟಲಿ ಕೊಂಡು ಹಿಡಿದುಕೊಂಡು ನಿಂತೆ.

ಕಾಶೀಬಾಯಿ ಒಂದು ಕೈಚೀಲ, ರೊಟ್ಟಿಯ ಗಂಟು ಹಿಡಿದು ಇಳಿದಳು. ಗಂಡನಿಗಿಂತ ಗಟ್ಟಿಮುಟ್ಟಾದ ಹೆಂಗಸು. ಅಕ್ಕನ ಪರಿಚಯ ಅವಳಿಗಿತ್ತು. ನಾನು ಯಾರೆಂದು ಅಕ್ಕ ಹೇಳಿದಳು. ನಾನು ಅಲ್ಲಿದ್ದವನು ಎಂದು ತಿಳಿದ ಕೂಡಲೇ ಅವಳು ನನ್ನ ಎದುರು ಬಂದು ನಿಂತಳು.

"ಅಮಾಸಿ ದಿನ ಹತಾರ ಮುಟ್ಟಿದ್ರೇನ್ರಿ?"

"ಇಲ್ಲವ್ವಾ. ಮುಟ್ಟಲಿಲ್ಲ."

ಅವಳ ಮುಖ ಎಷ್ಟು ಹಗುರಾಯಿತೆಂದರೆ ನಾನು ಕಣ್ಣು ತಗ್ಗಿಸಬೇಕಾಯಿತು. ಗಂಟನ್ನು ಕಟ್ಟೆಯ ಮೇಲಿಟ್ಟು 'ಸದ್ಯ' ಎನ್ನುವ ಹಾಗೆ ಉಸಿರು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು:

"ಯಾವ ಕೈರಿ?"

"ಬಲಗೈ."

"ಏನೇನು ಹೋಗ್ಯಾವ್ರಿ?"

ಹೇಳಿದೆ. ಹೆಬ್ಬೆರಳು, ತೋರುಬೆರಳು ಎಂದು ಹೆಸರು ಹಿಡಿದು ಹೇಳಿದೆ. ನನ್ನ ಬಸ್ಸಿನ ಕಂಡಕ್ಟರ್ ವಿಜಯಪುರ, ವಿಜಯಪುರ ಎಂದು ಕೂಗತೊಡಗಿದ್ದ. ನಾನು ಬಾಟಲಿಯನ್ನು ಅವಳ ಕೈಗಿತ್ತು, ಅಕ್ಕನಿಗೆ ಬರುತ್ತೇನೆಂದು ಹೇಳಿ ಹತ್ತಿದೆ. ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು.

ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ಅವರಿಬ್ಬರೂ ಕಂಡರು. ಅಕ್ಕ ಏನೋ ಹೇಳುತ್ತಿದ್ದಳು. ಕಾಶೀಬಾಯಿ ಕೇಳುತ್ತಿರಲಿಲ್ಲ. ಬಾಟಲಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಅಂಗೈಯೊಳಗೆ ಮಡಚಿಕೊಂಡು, ಉಳಿದ ಮೂರು ಬೆರಳಿನಿಂದ ಮುಚ್ಚಳ ತಿರುಗಿಸಲು ನೋಡುತ್ತಿದ್ದಳು. ಬೆರಳು ಜಾರಿದವು. ಇನ್ನೊಮ್ಮೆ ನೋಡಿದಳು. ಮತ್ತೆ ಜಾರಿದವು. ಅವಳು ಬಾಟಲಿಯನ್ನು ತೆರೆಯದೆಯೇ ಚೀಲದೊಳಗೆ ಇಟ್ಟುಕೊಂಡಳು.